ನಾಲ್ಕು ಜನ, ಒಂದು ಗೇಮ್: ಯಾರಿಗೆ ಯಾವ ಕೆಲಸ?

ನಾವು ದಾವಣಗೆರೆಯ ನಾಲ್ಕು ಜನ, ಭಾನುವಾರ ಸಂಜೆ ಮಂಡಕ್ಕಿ-ಮೆಣಸಿನಕಾಯಿ ಮುಂದಿಟ್ಟುಕೊಂಡು ಗೇಮ್ ಮಾಡೋರು. ಚಿತ್ರದುರ್ಗದ ಓಬವ್ವನ ಕಿಂಡಿಯಲ್ಲಿ ನುಸುಳುವ ಸೈನಿಕರಿಗೆ ಒನಕೆಯಿಂದ ಹೊಡೆಯೋದು, ಅಷ್ಟೇ ಆಟ. ಮೊದಲ ತಿಂಗಳು ಎಲ್ಲರೂ ಎಲ್ಲಾ ಮಾಡಿದೆವು, ಏನೂ ಆಗಲಿಲ್ಲ.

ಹುದ್ದೆ ಹಂಚಬೇಡಿ, ಕೆಲಸ ಬರೆಯಿರಿ. ‘ಪ್ರೋಗ್ರಾಮರ್’ ಅಂದರೆ ಏನೂ ತಿಳಿಯಲ್ಲ. ‘ಒನಕೆ ಬೀಸೋದು’, ‘ಸೈನಿಕ ಬೀಳೋದು’, ‘ಸ್ಕೋರ್ ಏರೋದು’ ಅಂತ ಬರೆದು ಒಂದೊಂದರ ಮುಂದೆ ಒಬ್ಬರದೇ ಹೆಸರು ಹಾಕಿ. ಇಬ್ಬರ ಹೆಸರಿದ್ದ ಕೆಲಸ ನಮ್ಮಲ್ಲಿ ಯಾವತ್ತೂ ಮುಗಿದಿಲ್ಲ.

ನಾವು ಗೇಮ್ ಕಟ್ಟೋ ಸಾಫ್ಟ್‌ವೇರ್ ಗೊಡೊ. ಅದರಲ್ಲಿ ಒಂದೇ ಸೀನ್ (ಗೇಮಿನ ಒಂದು ತುಂಡು) ಫೈಲನ್ನು ಇಬ್ಬರು ತಿದ್ದಿದರೆ, ಎಲ್ಲರ ಕೆಲಸ ಒಂದೆಡೆ ಕೂಡಿಸೋ ಗಿಟ್‌ನಲ್ಲಿ ಮರ್ಜ್ ಕಾನ್‌ಫ್ಲಿಕ್ಟ್ (ಯಾರ ತಿದ್ದುಪಡಿ ಉಳಿಸೋದು ಅನ್ನೋ ಜಗಳ) ಬಂದು ತಲೆ ಕೆಡುತ್ತೆ. ಕಿಂಡಿ ಒಂದು ಸೀನ್, ಓಬವ್ವ ಒಂದು, ಸೈನಿಕ ಇನ್ನೊಂದು, ಸೀನಿಗೊಬ್ಬ ಯಜಮಾನ. ಒಮ್ಮೆ ನಾನು ಫೋರ್ಸ್ ಪುಶ್ ಮಾಡಿ, ಅಂದರೆ ಅಲ್ಲಿದ್ದದ್ದರ ಮೇಲೆ ನನ್ನದನ್ನೇ ಬಲವಂತವಾಗಿ ಹೇರಿ, ಗೆಳೆಯನ ಎರಡು ರಾತ್ರಿಯ ಕೆಲಸ ಅಳಿಸಿದ್ದೆ. ಆ ವಾರದ ಬೆಣ್ಣೆದೋಸೆ ಬಿಲ್ಲು ನಂದೇ.

ಚಿತ್ರ ಬರೆಯೋರಿಗೆ ಕಾಯಬೇಡಿ, ಬಣ್ಣದ ಚೌಕ ಇಟ್ಟು ಕೋಡ್ ಸಾಗಲಿ. ಸದ್ದಿಗೆ ಫೋನ್ ಸಾಕು. ನಮ್ಮ ಒನಕೆ ಸದ್ದು ಅಜ್ಜಿ ಮನೆ ಒರಳಿನದು. ಕೋಡ್ ಬರೆಯದ ಒಬ್ಬರಿಗೆ ಆಡಿ ನೋಡೋ ಕೆಲಸ ಕೊಡಿ, ‘ಇದು ಬೇಡ’ ಅನ್ನೋ ಅಧಿಕಾರವನ್ನೂ ಕೊಡಿ. ನಮ್ಮಲ್ಲಿ ಅದು ಗೆಳೆಯನ ತಂಗಿ. ನಾನು ಮೂರು ವಾರ ಕೂತು ಮಾಡಿದ ಕುದುರೆ ಸವಾರಿಯನ್ನು ಮೊದಲ ದಿನವೇ ಕಿತ್ತು ಹಾಕಿಸಿದಳು.