ಆಲೆಮನೆ ಬೂದಿಯೂ ಸೋಮನಾಥಪುರದ ಆನೆಗಳೂ: ನನ್ನ ಪರದೆ ಕಪ್ಪಾಗುತ್ತಿದ್ದ ಕತೆ

ಭಾನುವಾರ ರಾತ್ರಿ ಎಂಟಕ್ಕೆ, ಸೆಕೆಂಡ್ ಲೈಫ್ ಎಂಬ ಇಂಟರ್ನೆಟ್ ಲೋಕದಲ್ಲಿ ನಾನು ಕಟ್ಟಿರುವ ಕೇಶವ ದೇವಾಲಯಕ್ಕೆ ಏಳೆಂಟು ಜನ ಬರುತ್ತಾರೆ. ಹೆಚ್ಚಿನವರು ಹೊರದೇಶದಲ್ಲಿ ನೆಲೆಸಿದ ನಮ್ಮ ಮೈಸೂರು, ಮಂಡ್ಯದ ಕಡೆಯವರು. ಸೋಮನಾಥಪುರದ ಆ ಗುಡಿ ನಿಂತಿರುವ ಎತ್ತರದ ಕಟ್ಟೆ, ಜಗತಿಯ ಮೇಲೆ ಒಂದು ಪ್ರದಕ್ಷಿಣೆ ಹಾಕಿಸಿ, ತಳದ ಆನೆಸಾಲಿನಿಂದ ಹಿಡಿದು ಮೇಲಿನ ಹಂಸಗಳ ಸಾಲಿನವರೆಗೆ ತೋರಿಸಿ, ಆಮೇಲೆ ಒಳಗೆ ಕರೆದುಕೊಂಡು ಹೋಗುತ್ತೇನೆ. ಆ ಮಾರ್ಚ್‌ನಲ್ಲಿ ಸತತ ಮೂರು ಭಾನುವಾರ ನವರಂಗದ, ಅಂದರೆ ಒಳಮಂಟಪದ, ಬಾಗಿಲು ದಾಟಲು ಆಗಲೇ ಇಲ್ಲ. ಪರದೆ ಕಪ್ಪಾಗುತ್ತಿತ್ತು. ಮತ್ತೆ ಲಾಗಿನ್ ಆಗುವಷ್ಟರಲ್ಲಿ ಬಂದವರು ಕಾದು ಕಾದು ಹೊರಟಿರುತ್ತಿದ್ದರು. ಎರಡು ವರ್ಷ ಕೂತು ಕಟ್ಟಿದ ಗುಡಿ, ತುಂಬಾ ಸಂಕಟವಾಗುತ್ತಿತ್ತು.

ಮೊದಲ ಅನುಮಾನ ಕರೆಂಟಿನ ಮೇಲೆ. ನಮ್ಮ ಮನೆ ಮಂಡ್ಯದಿಂದ ಆಚೆ, ನಾಲೆ ಏರಿಯ ಪಕ್ಕ. ತ್ರೀ ಫೇಸ್ ಬಂದು ಸುತ್ತಲ ಗದ್ದೆಗಳ ಮೋಟರೆಲ್ಲ ಒಟ್ಟಿಗೆ ಶುರುವಾದರೆ ಮನೆಯ ಲೈಟು ಮಂಕಾಗುತ್ತದೆ. ಗೆಳೆಯರು "ಸ್ಟೆಬಿಲೈಸರ್ ಹಾಕ್ಸು" ಅಂದರು. ಅಂಗಡಿಯವರೊಬ್ಬರು ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡೇ ಹೋಗಿದೆ, ಹೊಸದು ತಗೊಳ್ಳಿ ಅಂದರು. ದುಡ್ಡು ಬಿಚ್ಚುವ ಮೊದಲು ನಾನು ಒಂದು ನೋಟ್‌ಬುಕ್ ಇಟ್ಟೆ. ಕ್ರ್ಯಾಶ್ ಆದ ಗಂಟೆ, ಆಗ ಗುಡಿಯ ಯಾವ ಮೂಲೆಯಲ್ಲಿದ್ದೆ, ಎದುರಿಗೆ ಎಷ್ಟು ಜನ, ತ್ರೀ ಫೇಸ್ ಇತ್ತೇ, ಹೊರಗೆ ಸೆಕೆ ಹೇಗಿತ್ತು, ಎಲ್ಲ ಬರೆದೆ. 10 ದಿನದಲ್ಲಿ 14 ಸಲ ಬಿತ್ತು. ತ್ರೀ ಫೇಸ್ ಇದ್ದಾಗ ಬಿದ್ದದ್ದು ಎರಡೇ ಸಲ. ಕರೆಂಟಿನ ಮೇಲಿನ ಅನುಮಾನ ಬಿಟ್ಟೆ.

ನೋಟ್‌ಬುಕ್ ಇನ್ನೂ ಒಂದು ಹೇಳಿತು. ನಾನು ಕ್ರ್ಯಾಶ್ ಅನ್ನುತ್ತಿದ್ದುದು ಒಂದೇ ರೋಗ ಅಲ್ಲ. ಒಮ್ಮೊಮ್ಮೆ ಪರದೆ ಎರಡು ಮೂರು ಸೆಕೆಂಡ್ ಕಪ್ಪಾಗಿ ಡೆಸ್ಕ್‌ಟಾಪ್ ವಾಪಸ್ ಬರುತ್ತಿತ್ತು, ಸೆಕೆಂಡ್ ಲೈಫ್ ತೋರಿಸುವ ತಂತ್ರಾಂಶ, ಅಂದರೆ ವ್ಯೂವರ್, ಮಾತ್ರ ಸತ್ತಿರುತ್ತಿತ್ತು. ಒಮ್ಮೊಮ್ಮೆ ಇಡೀ ಯಂತ್ರ ರಪ್ಪನೆ ಆಫ್. ಇನ್ನು ಕೆಲವು ಸಲ ಕಪ್ಪೂ ಇಲ್ಲ ಏನೂ ಇಲ್ಲ, ವ್ಯೂವರ್ ಸುಮ್ಮನೆ ಮಾಯ. ಮೂರಕ್ಕೂ ಒಂದೇ ಔಷಧಿ ಹುಡುಕಿಕೊಂಡು ನಾನು ಒಂದು ತಿಂಗಳು ಕಳೆದಿದ್ದೆ.

ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್ (ಇದು ಬೇರೆ) ತೆಗೆದು ಸಿಸ್ಟಮ್ ಲಾಗ್ ನೋಡಿದೆ. ಮೊದಲ ಥರದ ಕ್ರ್ಯಾಶ್ ಆದ ಹೊತ್ತಿಗೆಲ್ಲ 4101 ಎಂಬ ಸಂಖ್ಯೆ ಇತ್ತು: ಡಿಸ್‌ಪ್ಲೇ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಮಾತು ನಿಲ್ಲಿಸಿ ಮತ್ತೆ ಚೇತರಿಸಿಕೊಂಡಿತು ಅಂತ. ವಿಸ್ಟಾ ಕಾಲದಿಂದ ಇರುವ ಏರ್ಪಾಡು ಇದು. ಕೊಟ್ಟ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡಿನೊಳಗೆ ಓಗೊಡದಿದ್ದರೆ ವಿಂಡೋಸ್ ಅದನ್ನೂ ಡ್ರೈವರನ್ನೂ ಹೊಸದಾಗಿ ಎಬ್ಬಿಸುತ್ತದೆ. ಡೆಸ್ಕ್‌ಟಾಪ್ ಉಳಿಯುತ್ತದೆ, ಕಾರ್ಡಿನ ಮೆಮೊರಿಯಲ್ಲಿದ್ದ ಗುಡಿ, ಗೋಪುರ, ಜನ ಎಲ್ಲ ಅಳಿಸಿಹೋಗಿ ವ್ಯೂವರ್ ಬೀಳುತ್ತದೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಗೆ ಹೋಗಿ ಆ 2 ಸೆಕೆಂಡನ್ನು 8, 10 ಮಾಡಿಕೊಳ್ಳಿ ಅನ್ನುವವರಿದ್ದಾರೆ. ನಾನು ಮುಟ್ಟಲಿಲ್ಲ. ಕಾರ್ಡ್ ಯಾಕೆ ತಡವರಿಸುತ್ತಿದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಬದಲಿಗೆ ಡ್ರೈವರ್ ನೋಡಿಕೊಂಡೆ. ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಅದನ್ನು ಬುಡಸಮೇತ ಕಿತ್ತು ಹಿಂದಿನ ಆವೃತ್ತಿ ಹಾಕಿದೆ. ನಾಲ್ಕು ದಿನ ನೆಟ್ಟಗಿತ್ತು. ಗೆದ್ದೆ ಅಂದುಕೊಂಡೆ. ಐದನೇ ದಿನ ಮತ್ತೆ ಬಿತ್ತು. ನೋಟ್‌ಬುಕ್ ತಿರುವಿದರೆ ಆ ನಾಲ್ಕೂ ದಿನ ಸಂಜೆ ಮಳೆ ಬಂದು ತಂಪಾಗಿತ್ತು ಅಂತ ನನ್ನದೇ ಅಕ್ಷರದಲ್ಲಿದೆ.

ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶ ಹಾಕಿ ಕಾರ್ಡಿನ ಬಿಸಿಯನ್ನು ಫೈಲಿಗೆ ಬರೆಸಿದೆ. ಯಂತ್ರ ಆಫ್ ಆದರೂ ಅಲ್ಲಿಯವರೆಗಿನ ಸಾಲುಗಳು ಉಳಿಯುತ್ತವೆ, ಅದೇ ಅದರ ಉಪಯೋಗ. ಲಾಗಿನ್ ಆಗುವಾಗ 52 ಡಿಗ್ರಿ, ಹತ್ತು ನಿಮಿಷಕ್ಕೆ 81, ಜನ ಸೇರಿದಾಗ 95. ಯಂತ್ರ ಪೂರ್ತಿ ಆಫ್ ಆದ ಸಲವೆಲ್ಲ ಲಾಗ್‌ನಲ್ಲಿ ಕರ್ನಲ್ ಪವರ್ 41 ಇತ್ತು. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತು ಅಂತಷ್ಟೇ ಅದರ ಅರ್ಥ; ಕಾರಣ ಅದು ಹೇಳುವುದಿಲ್ಲ. ಕಾರಣ ಹೇಳಿದ್ದು ಪಕ್ಕದ ಆ 95.

ಕ್ಯಾಬಿನೆಟ್ ಬಿಚ್ಚಿದೆ. ನಮ್ಮ ಹಿತ್ತಿಲಿನಾಚೆ ಆಲೆಮನೆ ಇದೆ. ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಉರಿಯುತ್ತಲೇ ಇರುತ್ತದೆ, ಕರಿ ಬೂದಿ ಹಾರಿಬಂದು ಒಗೆದ ಬಟ್ಟೆ ಮೇಲೆ ಕೂರುವುದು ನಮಗೆ ಅಭ್ಯಾಸ. ಅದು ಕಿಟಕಿ ಪಕ್ಕದ ಯಂತ್ರದೊಳಕ್ಕೂ ಹೋಗುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಕಾರ್ಡಿನ ಬಿಸಿ ಹೊರಹಾಕುವ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಹಳೇ ಅಡುಗೆಮನೆ ಇಲ್ಲಣದ ಹಾಗೆ ಜಿಡ್ಡುಜಿಡ್ಡಾಗಿ ಗಟ್ಟಿಕೊಂಡಿತ್ತು. ಗಾಳಿ ನುಸುಳಲು ದಾರಿಯೇ ಇರಲಿಲ್ಲ.

ಮೆತ್ತನೆಯ ಬ್ರಷ್ಷಿನಲ್ಲಿ ಬಿಡಿಸಿ ಬ್ಲೋಯರ್ ಹಿಡಿದೆ. ಫ್ಯಾನನ್ನು ಬೆರಳಿಂದ ಒತ್ತಿ ಹಿಡಿದುಕೊಂಡೇ ಗಾಳಿ ಬಿಡಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಸ್ಥಿರ ವಿದ್ಯುತ್ ಚಿಪ್‌ಗಳಿಗೆ ಅಪಾಯ. ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ) ಒರೆಸಿ ಹೊಸದು ಹಚ್ಚಿದೆ. ಅದೇ ಜಾಗ, ಅಷ್ಟೇ ಜನ, 77 ಡಿಗ್ರಿ. ಮೊದಲೆರಡು ಥರದ ಕ್ರ್ಯಾಶ್ ಅಂದಿಗೇ ನಿಂತವು.

ಮೂರನೆಯದು ನಿಲ್ಲಲಿಲ್ಲ. ಪ್ರದಕ್ಷಿಣೆ ಮುಕ್ಕಾಲು ಮುಗಿದಾಗ ವ್ಯೂವರ್ ಮಾಯವಾಗುತ್ತಿತ್ತು. ವ್ಯೂವರ್ ತನ್ನದೇ ಲಾಗ್ ಬರೆಯುತ್ತದೆ, ಆದರೆ ಮತ್ತೆ ತೆರೆದ ಕೂಡಲೇ ಅದಕ್ಕೆ ಹಳೆಯದೆಂದು ಹೆಸರಿಟ್ಟು ಹೊಸದು ಶುರುಮಾಡುತ್ತದೆ. ಎರಡು ಸಲ ತೆರೆದರೆ ಬೇಕಾದದ್ದೇ ಕೈತಪ್ಪುತ್ತದೆ. ಹಾಗಾಗಿ ಬಿದ್ದ ತಕ್ಷಣ ನಕಲು ತೆಗೆದಿಟ್ಟೆ. ಕೊನೆಯ ಸಾಲುಗಳು ಮೆಮೊರಿ ಸಾಲದು ಅನ್ನುತ್ತಿದ್ದವು.

ತಪ್ಪು ನನ್ನ ಗುಡಿಯಲ್ಲೇ ಇತ್ತು. ಹೊಯ್ಸಳ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಮೂಲದ್ದು. ಆನೆಗಳ ಭಂಗಿ ಬೇರೆಬೇರೆ. ಒಂದೇ ಚಿತ್ರವನ್ನು ಗೋಡೆ ಉದ್ದಕ್ಕೂ ಹಚ್ಚಲು ಮನಸ್ಸು ಬಂದಿರಲಿಲ್ಲ. ಒಂದೊಂದು ಫಲಕಕ್ಕೂ ಉದ್ದಗಲ 1024 ಚುಕ್ಕೆ ಅಳತೆಯ ಪ್ರತ್ಯೇಕ ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಹಚ್ಚುವ ಚಿತ್ರ, ಹಾಕಿದ್ದೆ, ಒಟ್ಟು 300. ಅಂಥದ್ದೊಂದು ಕಾರ್ಡಿನ ಮೆಮೊರಿಯಲ್ಲಿ ಬಿಚ್ಚಿಕೊಂಡರೆ 4 ಎಂಬಿ, ದೂರದ ನೋಟಕ್ಕೆ ಬೇಕಾದ ಚಿಕ್ಕ ಪ್ರತಿಗಳೂ ಸೇರಿದರೆ ಅದರ ಮೂರನೇ ಒಂದು ಪಾಲು ಹೆಚ್ಚು. 300ಕ್ಕೆ ಸುಮಾರು 1,600 ಎಂಬಿ. ನನ್ನ ಕಾರ್ಡಿನಲ್ಲಿದ್ದದ್ದು 2 ಜಿಬಿ. ಅದರಲ್ಲೇ ಬಂದವರ ಉಡುಗೆ, ಒಡವೆ, ಕೂದಲು. ಒಂದು ಸುತ್ತು ಮುಗಿಯುವಷ್ಟರಲ್ಲಿ ಕಣಜ ತುಂಬುತ್ತಿತ್ತು.

512 ಅಳತೆಗೆ ಇಳಿಸಿದರೆ 4 ಎಂಬಿ ಇದ್ದದ್ದು 1 ಎಂಬಿ ಆಗುತ್ತದೆ. ಆದರೆ ಯಾವ ಆನೆಯನ್ನು ಇಳಿಸುವುದು? ಒಂದು ವಾರ ಗೋಡೆಯ ಮುಂದೆ ನನ್ನ ಅವತಾರವನ್ನು (ಆ ಲೋಕದಲ್ಲಿ ನನ್ನ ಪರವಾಗಿ ಓಡಾಡುವ ಗೊಂಬೆ) ನಿಲ್ಲಿಸಿಕೊಂಡು, ಜನ ನಿಜವಾಗಿ ಎಲ್ಲಿ ನಿಲ್ಲುತ್ತಾರೆ ಅಂತ ನೆನೆಸಿಕೊಂಡು ಆರಿಸಿದೆ. ಕಣ್ಣೆತ್ತರದ ಪುರಾಣದ ಸಾಲು ಮತ್ತು ಬಾಗಿಲ ಅಕ್ಕಪಕ್ಕದ ಆನೆಗಳು ಸೇರಿ 60 ಫಲಕ ಹಾಗೇ ಉಳಿದವು. ಮಿಕ್ಕ 240 ಇಳಿದವು. 1,600 ಎಂಬಿ 640ಕ್ಕೆ ಬಂತು. ಹಳೇ ಲ್ಯಾಪ್‌ಟಾಪಿನಿಂದ ಬರುತ್ತಿದ್ದ ಒಬ್ಬ ಹಿರಿಯರು, ತಮಗೂ ಅದೇ ಮೂಲೆಯಲ್ಲಿ ಬೀಳುತ್ತಿತ್ತು, ತಮ್ಮ ಯಂತ್ರದ್ದೇ ದೋಷ ಅಂದುಕೊಂಡು ಹೇಳಿರಲಿಲ್ಲ ಅಂದರು. ಅದನ್ನು ಕೇಳಿ ಬಹಳ ಬೇಜಾರಾಯಿತು.

ಒಳಗೆ ಹೋದ ಕೂಡಲೇ ಬೀಳುವ ಯಂತ್ರ ಇರುವವರಿಗೆ, ಆ ಹಿರಿಯರಿಗೆ ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಲಾಗಿನ್ ಪರದೆಯಲ್ಲೇ ಕಂಟ್ರೋಲ್ ಜೊತೆ ಪಿ ಒತ್ತಿದರೆ ಸೆಟ್ಟಿಂಗ್ ತೆರೆಯುತ್ತದೆ. ನೋಟದ ದೂರವನ್ನು 64 ಮೀಟರಿಗೆ ಇಳಿಸಿ, ನೆರಳು ಆಫ್ ಮಾಡಿ, ಅವತಾರಗಳ ಸಂಕೀರ್ಣತೆಗೆ ಮಿತಿ ಹಾಕಿ. ಮಿತಿ ಮೀರಿದವರು ಬರೀ ಬಣ್ಣದ ಗೊಂಬೆಯಾಗಿ ಕಾಣುತ್ತಾರೆ. ಕೊನೆಯ ಸಲ ಬಿದ್ದ ಜಾಗಕ್ಕೇ ಹೋಗದೆ ಬೇರೆ ಜಾಗ ಆರಿಸಿ.

ಕಿಟಕಿಗೆ ಈಗ ತೆಳು ಪಂಚೆಬಟ್ಟೆ ಕಟ್ಟಿದ್ದೇನೆ, ವಾರಕ್ಕೊಮ್ಮೆ ಒಗೆದರೆ ನೀರು ಕಪ್ಪಾಗುತ್ತದೆ. ನನ್ನ ಯಂತ್ರದಲ್ಲಿ ನೆರಳು ಇನ್ನೂ ಆಫ್ ಇದೆ. ಹಾಕಿದರೆ ಸಂಜೆ ಬಿಸಿಲಲ್ಲಿ ಮೂರು ಶಿಖರಗಳ ನೆರಳು ಜಗತಿಯ ಮೇಲೆ ಉದ್ದಕ್ಕೆ ಬೀಳುತ್ತದೆ, ಕಾರ್ಡ್ 88ಕ್ಕೆ ಏರುತ್ತದೆ. ಮಳೆಗಾಲದಲ್ಲಿ ಒಂದು ಭಾನುವಾರ ಹಾಕಿ ನೋಡಬೇಕು.