ಲೋವರ್ ಮಾಡಿಸಿದ ಪೋಲೊವನ್ನು ಡೈನೋ ಹತ್ತಿಸಿದ ಬಗೆ: ನನ್ನ ಅನುಭವ

ಡೈನೋ ಅಂದರೆ ಕಾರಿನ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ಅದರ ಶೀಟ್ ಕೈಗೆ ಸಿಕ್ಕವರೆಲ್ಲ ಮೊದಲು ಕೇಳುವುದು "ಎಷ್ಟು ಬಂತು?" ಅಂತಲೇ. ಕಾರನ್ನು ಅದರ ಮೇಲೆ ಬೆಲ್ಟ್ ಹಾಕಿ ಹೇಗೆ ಕಟ್ಟಿದ್ರಿ ಅಂತ ಯಾರೂ ಕೇಳುವುದಿಲ್ಲ. ಲೋವರ್ ಮಾಡಿಸಿದ, ಅಂದರೆ ನೆಲಕ್ಕೆ ತಗ್ಗಿಸಿದ ಕಾರಿನಲ್ಲಿ ಆ ಅಂಕಿಯನ್ನು ನಂಬಬೇಕೋ ಬೇಡವೋ ಅನ್ನುವುದು ಕಟ್ಟಿದ ರೀತಿಯಲ್ಲೇ ತೀರ್ಮಾನವಾಗುತ್ತದೆ.

ನನ್ನದು ಪೋಲೊ 1.0 ಟಿಎಸ್‌ಐ, ಮ್ಯಾನುವಲ್. ಕಂಪನಿ ಲೆಕ್ಕದಲ್ಲಿ ಶಕ್ತಿ 110 ಪಿಎಸ್, ಟಾರ್ಕ್ 175 ಎನ್‌ಎಂ. ಗಿಡ್ಡ ಸ್ಪ್ರಿಂಗ್ ಹಾಕಿಸಿ ಬಂಪರ್ ಕೆಳಗೆ ಲಿಪ್ (ಮುಂದಕ್ಕೆ ಚಾಚುವ ತೆಳು ಪಟ್ಟಿ) ಕೂರಿಸಿದ ಮೇಲೆ ಲಿಪ್‌ಗೂ ನೆಲಕ್ಕೂ ನಡುವೆ ಉಳಿದದ್ದು 10 ಸೆಂ.ಮೀ. ನಮ್ಮ ಏರಿಯಾ ಹಂಪ್‌ಗಳನ್ನೇನೋ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಬಿಡಬಹುದು. ಡೈನೋ ರಾಂಪ್ ಮೇಲೆ ಆ ಉಪಾಯ ನಡೆಯುವುದಿಲ್ಲ, ನೇರವಾಗಿಯೇ ಹತ್ತಬೇಕು. ರೀಮ್ಯಾಪ್‌ಗೆ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆಸುವುದು ನನ್ನ ಉದ್ದೇಶವಾಗಿತ್ತು.

ರೋಲರ್ ನೆಲದೊಳಗೆ ಹೂತಿರುವ ಡೈನೋ ಸಿಕ್ಕರೆ ಅರ್ಧ ತಲೆನೋವು ತಪ್ಪುತ್ತದೆ. ನಾನು ಹೋದ ಪೀಣ್ಯದ ವರ್ಕ್‌ಶಾಪ್‌ನಲ್ಲಿ ಅದು ನೆಲದ ಮೇಲೆ ಕೂತಿದೆ. ಎತ್ತರ ಸುಮಾರು 30 ಸೆಂ.ಮೀ., ರಾಂಪ್ ಉದ್ದ ಒಂದೂವರೆ ಮೀಟರ್, ಅಂದರೆ 11 ಡಿಗ್ರಿ ಏರು. ಮುಂಚಕ್ರ ನೆಲ ಮುಟ್ಟುವ ಜಾಗದಿಂದ ಲಿಪ್ ತುದಿಗೆ ದಾರ ಹಿಡಿದು ನೋಡಿದರೆ ನನ್ನ ಕಾರಿಗೆ ಇರುವುದು 8 ಡಿಗ್ರಿಯಷ್ಟೇ. ಚಕ್ರ ರಾಂಪ್ ಹತ್ತುವ ಮೊದಲೇ ಲಿಪ್ ಗುದ್ದುವುದು ಖಚಿತ. "ಹಲಗೆ ಹಾಕಿದ್ರೆ ಹತ್ತುತ್ತೆ ಸಾರ್" ಅಂದ ಅಲ್ಲಿನ ಹುಡುಗ. ರಾಂಪ್ ತೆಗೆದು, ಮೂರು ಮೀಟರ್ ಉದ್ದದ ದಪ್ಪ ಹಲಗೆಗಳನ್ನು ಇಳಿಜಾರಾಗಿ ಹಾಕಿ, ನಡುವೆ ಬಾಗದಂತೆ ಕೆಳಗೆ ಮರದ ದಿಮ್ಮಿ ಕೊಟ್ಟೆವು. ಏರು 6 ಡಿಗ್ರಿಯೊಳಗೆ ಬಂತು. ಏರು ಮುಗಿದು ಸಮತಟ್ಟು ಶುರುವಾಗುವ ಅಂಚಿನಲ್ಲಿ ಕಾರಿನ ಹೊಟ್ಟೆ ಉಜ್ಜುವ ಭಯವೂ ಅದರಿಂದಲೇ ಹೋಯಿತು. ಕಾರಿನೊಳಗೆ ನಾನೊಬ್ಬನೇ, ಹಿಂದಿನ ಸೀಟು, ಡಿಕ್ಕಿ ಖಾಲಿ. ಒಬ್ಬರು ನೆಲಕ್ಕೆ ಮುಖವಿಟ್ಟು ಲಿಪ್ ನೋಡುತ್ತಾ ಕೈಸನ್ನೆ ಮಾಡುತ್ತಿದ್ದರು.

ಕಾರು ರೋಲರ್ ಮೇಲಿಂದ ಸರಿಯದಂತೆ ಬಿಗಿಯುವ ಬೆಲ್ಟ್ ವಿಷಯಕ್ಕೆ ಬರೋಣ. ತಗ್ಗಾದ ಕಾರು ರೋಲರ್ ಮೇಲೆ ನಿಂತ ಮೇಲೆ ಮುಂಭಾಗದ ಕೆಳಗೆ ಕೈ ಹೋಗುವುದಿಲ್ಲ. ಹಾಗಾಗಿ ಅದಕ್ಕೆ ಮುಂಚೆಯೇ, ಕಾರು ಲಿಫ್ಟ್ ಮೇಲಿದ್ದಾಗ, ಕಾರಿನ ಕೆಳಗಿನ ಗಟ್ಟಿ ಚೌಕಟ್ಟಾದ ಸಬ್‌ಫ್ರೇಮ್‌ಗೆ ಬಟ್ಟೆಯ ಸ್ಲಿಂಗ್ ಸುತ್ತಿಸಿ ತುದಿಗಳನ್ನು ಚಕ್ರದ ಹಿಂಬದಿಯಿಂದ ಹೊರಗೆ ತಂದಿಟ್ಟೆ. ಕಂಟ್ರೋಲ್ ಆರ್ಮ್, ಆ್ಯಂಟಿ ರೋಲ್ ಬಾರ್, ಸ್ಟೀರಿಂಗ್ ರಾಡ್ ಇವುಗಳಿಗೆ ಕೊಕ್ಕೆ ಹಾಕಲು ಬಿಡಬೇಡಿ. ಮುಂದಿನ ಟೋ ಹುಕ್‌ನಿಂದ ಕೆಳಕ್ಕೆಳೆದ ಬೆಲ್ಟ್ ಲಿಪ್ ಮೇಲೇ ಕೂರುತ್ತದೆ, ಬಿಗಿದರೆ ಲಿಪ್ ಮುರಿಯುತ್ತದೆ. ಫ್ರಂಟ್ ವೀಲ್ ಡ್ರೈವ್ ಕಾರು ಆ್ಯಕ್ಸಿಲರೇಟರ್ ಒತ್ತಿದಾಗ ಮುಂದಕ್ಕೆ ಜಿಗಿಯಲು ನೋಡುತ್ತದೆ. ಅದನ್ನು ತಡೆಯುವುದು ಹಿಂದಿನ ಎರಡು ಬೆಲ್ಟ್. ಮುಂದಿನವು ಅಕ್ಕಪಕ್ಕ ಸರಿಯದಂತೆ ಹಿಡಿಯಲು.

ತಗ್ಗು ಕಾರಿನಲ್ಲಿ ಬೆಲ್ಟ್ ಹೆಚ್ಚು ಕಡಿಮೆ ನೆಲಕ್ಕೆ ಸಮಾನಾಂತರವಾಗಿರುತ್ತದೆ. ಅದು ಕೆಳಕ್ಕೆ ಎಳೆಯುವುದು ಕಡಿಮೆ. ಟೈರ್ ಜಾರಿತೆಂದರೆ ಆಪರೇಟರ್ ಬೆಲ್ಟ್ ಬಿಗಿಯುವ ಹಲ್ಲಿನ ಸಾಧನವಾದ ರ‍್ಯಾಚೆಟ್ ಇನ್ನೂ ಎರಡು ಹಲ್ಲು ಬಿಗಿಯುತ್ತಾರೆ. ಆಗ ಮೊದಲೇ ಗಿಡ್ಡವಾದ ಸ್ಪ್ರಿಂಗ್ ಇನ್ನಷ್ಟು ಕುಗ್ಗಿ ಟೈರ್ ಫೆಂಡರ್ ಒಳಗಿನ ಲೈನರ್‌ಗೆ ತಾಗುತ್ತದೆ, ರೋಲರ್ ಮೇಲೆ ಟೈರ್ ಚಪ್ಪಟೆಯಾಗಿ ಬಿಸಿಯೇರುತ್ತದೆ. ಎಂಜಿನ್ ಕೊಟ್ಟ ಶಕ್ತಿ ಅಲ್ಲೇ ಸೋರಿಹೋಗಿ ಶೀಟ್‌ನಲ್ಲಿ ಕಡಿಮೆ ಕಾಣುತ್ತದೆ, ಬೈಗುಳ ಮಾತ್ರ ಟ್ಯೂನರ್‌ಗೆ. ಇದನ್ನು ಹಿಡಿಯಲು ಲೈನರ್ ಒಳಗೆ ಸೀಮೆಸುಣ್ಣ ಬಳಿದೆ. ಬೆಲ್ಟ್ ಬಿಗಿದು, 40 ಕಿ.ಮೀ. ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ ನೋಡಿದರೆ ಎಡಗಡೆ ಟೈರ್ ಭುಜದ ಮೇಲೆ ಬಿಳಿ ಗೆರೆ. ಆ ಬದಿ ಒಂದು ಹಲ್ಲು ಸಡಿಲಿಸಿ ಮತ್ತೆ ಓಡಿಸಿದಾಗ ಗೆರೆ ಬರಲಿಲ್ಲ. ಅಲ್ಲಿಗೇ ನಿಲ್ಲಿಸಿ, ನಾಲ್ಕೂ ಬೆಲ್ಟ್ ಮೇಲೆ ರ‍್ಯಾಚೆಟ್ ಬಾಯಿಯ ಹತ್ತಿರ ಮಾರ್ಕರ್‌ನಲ್ಲಿ ಗೀಟು ಹಾಕಿದೆ. ಎರಡನೇ ಸಲ ಹೋದಾಗ ಅದೇ ಬೆಲ್ಟ್ ಕೇಳಿ, ಅದೇ ಗೀಟಿಗೆ ಬಿಗಿಸಿದೆ. ಇಷ್ಟು ಮಾಡದಿದ್ದರೆ ರೀಮ್ಯಾಪ್‌ನ ಮುಂಚಿನ ಮತ್ತು ನಂತರದ ಶೀಟುಗಳನ್ನು ಅಕ್ಕಪಕ್ಕ ಇಡುವುದರಲ್ಲಿ ಅರ್ಥವಿಲ್ಲ.

ಟೈರ್ ಗಾಳಿಯೂ ಅಷ್ಟೇ ಮುಖ್ಯ. ಎರಡೂ ಸಲ ಟೈರ್ ತಣ್ಣಗಿರುವಾಗಲೇ ಒಂದೇ ಪಿಎಸ್‌ಐಗೆ ತಂದೆ. ಟ್ರೆಡ್‌ನಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು ಕೀಳದೆ ಬಿಟ್ಟರೆ 140ರ ವೇಗದಲ್ಲಿ ಅದು ಗುಂಡಿನಂತೆ ಹಾರುತ್ತದೆ. ಹಿಂಚಕ್ರಕ್ಕೆ ಅಡ್ಡಗಟ್ಟೆ, ಹ್ಯಾಂಡ್‌ಬ್ರೇಕ್, ಟ್ರ್ಯಾಕ್ಷನ್ ಕಂಟ್ರೋಲ್ ಆಫ್, 4ನೇ ಗೇರ್.

ಇನ್ನು ಬೆಂಗಳೂರಿನವರು ಗಮನಿಸಲೇಬೇಕಾದ ಒಂದು ವಿಷಯ. ನಾವಿರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ 910 ಹೆಕ್ಟೋಪಾಸ್ಕಲ್ ಆಸುಪಾಸು, ಸಮುದ್ರಮಟ್ಟದಲ್ಲಿ 1013. ಡೈನೋ ಸಾಫ್ಟ್‌ವೇರ್ ಎಸ್‌ಎಇ ಜೆ1349 ಎಂಬ ಮಾನದಂಡದ ಪ್ರಕಾರ 25 ಡಿಗ್ರಿ ಉಷ್ಣತೆ, 990 ಹೆಕ್ಟೋಪಾಸ್ಕಲ್ ಒಣಗಾಳಿಯ ಲೆಕ್ಕಕ್ಕೆ ಅಂಕಿಯನ್ನು ಹಿಗ್ಗಿಸುತ್ತದೆ, ಇದೇ ಕರೆಕ್ಷನ್. ಟರ್ಬೊ ಇಲ್ಲದ ಎಂಜಿನ್‌ಗೆ ಅದು ನ್ಯಾಯ. ಟರ್ಬೊ ಎಂಜಿನ್‌ನಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ತೆಳು ಗಾಳಿಯ ಕೊರತೆಯನ್ನು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಹೆಚ್ಚಿಸಿ ಬಹುಪಾಲು ತುಂಬಿಕೊಂಡಿರುತ್ತದೆ. ಅದರ ಮೇಲೆ ಮತ್ತೆ ಗುಣಿಸಿದರೆ ಇಲ್ಲದ ಎಚ್‌ಪಿ ಕಾಗದದ ಮೇಲೆ ಬಂದು ಕೂರುತ್ತದೆ. ನಾನು ಕರೆಕ್ಷನ್ ಇಲ್ಲದ ಶೀಟನ್ನೂ ಕೇಳಿ ಪಡೆದೆ, ನೀವೂ ಕೇಳಿ. ಕೊಡಲು ಹಿಂಜರಿದರೆ ಬೇರೆ ಕಡೆ ಹೋಗಿ.

ಇಳಿಸುವಾಗ ಅವಸರ ಬೇಡ. ಫ್ಯಾನ್ ಓಡುತ್ತಿರಲಿ, ಎಂಜಿನ್ ಐಡಲ್‌ನಲ್ಲಿ ತಣಿಯಲಿ. ಮೊದಲು ಮುಂದಿನ ಬೆಲ್ಟ್, ಆಮೇಲೆ ಹಿಂದಿನವು. ಹಲಗೆ ಜರುಗಿಲ್ಲವೆಂದು ಇಳಿದು ಕಣ್ಣಾರೆ ನೋಡಿಯೇ ರಿವರ್ಸ್ ಹಾಕಿ. ಮುಂಚಕ್ರ ನೆಲ ಮುಟ್ಟುವ ಹೊತ್ತಿಗೆ ಲಿಪ್ ಇನ್ನೂ ಹಲಗೆಯ ಮೇಲೇ ಇರುತ್ತದೆ.