ವಿದೇಶಿ ಹೆಸರಿನ ‘ಜೆ’ಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಯಾವ ಸಾಮಾನ್ಯ ಜ್ಞಾನದ ಪುಸ್ತಕ ತೆಗೆದರೂ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳ ಪಟ್ಟಿ ಇದ್ದೇ ಇರುತ್ತದೆ. ಆ ಪಟ್ಟಿಯಲ್ಲಿ ರೋಮನ್ ಲಿಪಿಯ ‘ಜೆ’ ಅಕ್ಷರ ಬರುವ ಹೆಸರು ಎರಡೇ. 1953ರಿಂದ 1961ರವರೆಗೆ ಇದ್ದ ಸ್ವೀಡನ್ನಿನ ದಾಗ್ ಹಮ್ಮರ್‌ಶೋಲ್ಡ್ ಒಬ್ಬರು, 1982ರಿಂದ 1991ರವರೆಗೆ ಇದ್ದ ಪೆರುವಿನ ಹಾವಿಯೆರ್ ಪೆರೆಸ್ ದೆ ಕ್ವೆಯ್ಯಾರ್ ಇನ್ನೊಬ್ಬರು. ಎರಡರಲ್ಲೂ ಕನ್ನಡದ ಜ ಇಲ್ಲ. ಮೊದಲನೆಯದರಲ್ಲಿ ‘ಎಸ್-ಕೆ-ಜೆ’ ಮೂರೂ ಕೂಡಿ ಶ ಆಗಿದೆ, ಎರಡನೆಯದರಲ್ಲಿ ಜೆ ಹ ಆಗಿದೆ. ಅಚ್ಚಿನಲ್ಲಿ ಮಾತ್ರ ‘ಹ್ಯಾಮರ್ ಸ್ಕ್‌ಜೋಲ್ಡ್’, ‘ಜೇವಿಯರ್’ ಎಂದು ಬರುತ್ತದೆ, ಓದಿದ ಹುಡುಗರು ಸಂದರ್ಶನದಲ್ಲೂ ಹಾಗೆಯೇ ಹೇಳುತ್ತಾರೆ.

ಪುಸ್ತಕ ಬರೆಯುವವರು, ಗದಗಿನ ಪ್ರೆಸ್ಸುಗಳಲ್ಲಿ ಡಿಟಿಪಿ ಮಾಡುವವರು, ಪ್ರೂಫ್ ನೋಡುವವರು, ಹುಬ್ಬಳ್ಳಿಯ ಪತ್ರಿಕೆಗಳ ಡೆಸ್ಕಿನಲ್ಲಿ ಕೂತವರು, ವಿದೇಶಿ ಅತಿಥಿಯ ಹೆಸರನ್ನು ವೇದಿಕೆ ಮೇಲೆ ಓದಬೇಕಾದ ನಿರೂಪಕರು, ಇವರೆಲ್ಲರಿಗೂ ಆಗುವಂತೆ ಇಲ್ಲಿ ಕ್ರಮ ಹೇಳಿದೆ.

ಒಂದೇ ಅಕ್ಷರ ಇಷ್ಟು ದನಿ ಏಕೆ ಕೊಡುತ್ತದೆ

ಇದನ್ನು ತಿಳಿದುಕೊಂಡರೆ ಮುಂದಿನದು ಬಾಯಿಪಾಠ ಮಾಡಬೇಕಿಲ್ಲ. ಪ್ರಾಚೀನ ಲ್ಯಾಟಿನ್‌ನಲ್ಲಿ ಜೆ ಇರಲಿಲ್ಲ. ‘ಐ’ ಅಕ್ಷರವೇ ಸ್ವರವಾದಾಗ ಇ, ವ್ಯಂಜನವಾದಾಗ ಯ ಆಗುತ್ತಿತ್ತು. ಜೆ ಎನ್ನುವುದು ಐಗೆ ಬಾಲ ಎಳೆದು ಬರೆದ ರೂಪ ಅಷ್ಟೆ. ಎರಡನ್ನೂ ಬೇರೆ ಬೇರೆ ಅಕ್ಷರ ಮಾಡೋಣ ಎಂದು ಇಟಲಿಯ ಜಾನ್ ಜೋರ್ಜೊ ತ್ರಿಸ್ಸಿನೊ 1524ರಲ್ಲಿ ಸೂಚಿಸಿದ. ಇಂಗ್ಲಿಷಿಗೆ ಅದು ಇನ್ನೂ ತಡವಾಗಿ ಬಂತು. 1611ರ ಇಂಗ್ಲಿಷ್ ಬೈಬಲಿನ ಮೊದಲ ಮುದ್ರಣದಲ್ಲಿ ಜೀಸಸ್ ಎಂಬ ಹೆಸರು ಶುರುವಾಗುವುದು ಐ ಅಕ್ಷರದಿಂದ.

ಅಕ್ಷರ ಬೇರೆ ಆಗುವ ಮೊದಲೇ ದನಿ ಬದಲಾಗಿತ್ತು. ಸಂಸ್ಕೃತದ ಯಾತ್ರೆ ನಮ್ಮಲ್ಲಿ ಜಾತ್ರೆ ಆಯಿತು, ಯೋಗಿ ಜೋಗಿ ಆದ, ಯೌವನ ಜವ್ವನ ಆಯಿತು. ಫ್ರಾನ್ಸಿನ ಕಡೆಯೂ ಲ್ಯಾಟಿನ್ ಯ ಹೀಗೆಯೇ ಜ ಆಯಿತು. 1066ರ ನಂತರ ನಾರ್ಮನ್ನರ ಜತೆ ಆ ಜ ಇಂಗ್ಲೆಂಡಿಗೆ ಹೋಗಿ ಅಲ್ಲೇ ಉಳಿಯಿತು. ಫ್ರಾನ್ಸಿನಲ್ಲಿ ಅದು ಮತ್ತೂ ಸಡಿಲಾಗಿ ಈಗಿನ ಝದಂಥ ದನಿಗೆ ಬಂತು. ಸ್ಪೇನಿನಲ್ಲಿ ಅಂಥದೇ ದನಿ ಮೊದಲು ಶ ಆಗಿ, ಆಮೇಲೆ ಗಂಟಲ ಕಡೆ ಸರಿದು ಹ ಆಯಿತು. ಜರ್ಮನ್ನರು, ಡಚ್ಚರು, ಸ್ಕ್ಯಾಂಡಿನೇವಿಯಾದವರು, ಪೋಲೆಂಡಿನವರು ಹಳೆಯ ಯವನ್ನೇ ಇಟ್ಟುಕೊಂಡರು.

ಮೊದಲು ಹೆಸರಿನ ಭಾಷೆ ಗೊತ್ತು ಮಾಡಿಕೊಳ್ಳಿ

ಸ್ಪೆಲ್ಲಿಂಗ್ ಒಂದನ್ನೇ ನೋಡಿ ಬರೆಯಲು ಹೊರಟರೆ ಎಡವುವುದು ಖಾತ್ರಿ. ಜೆ-ಓ-ಎಸ್-ಇ ಎಂಬ ನಾಲ್ಕಕ್ಷರದ ಹೆಸರನ್ನು ನೋಡಿ. 2010ರಿಂದ 2015ರವರೆಗೆ ಉರುಗ್ವೆಯ ಅಧ್ಯಕ್ಷರಾಗಿದ್ದವರು ಸ್ಪ್ಯಾನಿಶ್ ಮಾತಾಡುವವರು, ಆದ್ದರಿಂದ ಹೊಸೆ ಮುಹಿಕಾ. ಅಡ್ಡಹೆಸರಿನ ನಡುವೆಯೂ ಜೆ ಇದೆ, ಅದೂ ಹ. 1996ರ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ಪೂರ್ವ ತಿಮೋರಿನ ರಾಮೋಸ್ ಓರ್ತಾ ಅವರದು ಪೋರ್ಚುಗೀಸ್ ಹೆಸರು, ಆದ್ದರಿಂದ ಝುಜೆ. (ಓರ್ತಾ ಮುಂದೆ ರೋಮನ್‌ನಲ್ಲಿ ಎಚ್ ಇದೆ, ಪೋರ್ಚುಗೀಸ್‌ನಲ್ಲಿ ಅದಕ್ಕೆ ದನಿ ಇಲ್ಲ.) ಗೋವಾದ ಕೊಂಕಣಿಯಲ್ಲಿ ಅದೇ ಹೆಸರು ಜುಜೆ. ಕೇರಳದವರಾದರೆ ಜೋಸ್. ನಾಲ್ಕೂ ಸರಿ, ನಾಲ್ಕೂ ಬೇರೆ. ಒಬ್ಬರದನ್ನು ಇನ್ನೊಬ್ಬರಿಗೆ ಹಚ್ಚಿದಾಗಲೇ ತಪ್ಪು.

ಪಾಸ್‌ಪೋರ್ಟಿನ ದೇಶ ನೋಡಿದರೂ ಸಾಲದು. ಕ್ರಿಕೆಟ್ ನೋಡುವವರಿಗೆ ಗೊತ್ತು: ದಕ್ಷಿಣ ಆಫ್ರಿಕಾದ ಮಾರ್ಕೊ ಅವರ ಅಡ್ಡಹೆಸರು ಆಫ್ರಿಕಾನ್ಸ್ ಭಾಷೆಯದು, ಆದ್ದರಿಂದ ಯಾನ್ಸನ್. ಅದೇ ದೇಶದ ಕಾಲಿಸ್ ಅವರ ಮೊದಲ ಹೆಸರು ಫ್ರೆಂಚ್ ಮೂಲದ್ದು, ಅಲ್ಲಿ ಯ ಬರೆದರೆ ನಗೆಪಾಟಲು.

ಗುರುತು ಹಿಡಿಯಲು ಅಕ್ಷರಗಳ ಮೇಲಿನ ಚಿಹ್ನೆ ಬಹಳ ಸಹಾಯ ಮಾಡುತ್ತವೆ. ‘ಎನ್’ ಮೇಲೆ ಅಲೆಗೆರೆ ಇದ್ದರೆ ಸಾಮಾನ್ಯವಾಗಿ ಸ್ಪ್ಯಾನಿಶ್. ‘ಎ’ ಅಥವಾ ‘ಓ’ ಮೇಲೆ ಅಲೆಗೆರೆ ಇದ್ದರೆ ಹೆಚ್ಚಾಗಿ ಪೋರ್ಚುಗೀಸ್. ‘ಎ’ ಮೇಲೆ ಸಣ್ಣ ಸೊನ್ನೆ ಇದ್ದರೆ ಸ್ವೀಡಿಶ್, ನಾರ್ವೇಜಿಯನ್ ಇಲ್ಲವೆ ಡ್ಯಾನಿಶ್. ‘ಎಲ್’ಗೆ ಓರೆಗೀಟು ಎಳೆದಿದ್ದರೆ ಹೆಚ್ಚಾಗಿ ಪೋಲಿಶ್. ‘ಯು’ ಮೇಲಿನ ಜೋಡಿ ಚುಕ್ಕಿಯನ್ನು ಮಾತ್ರ ನಂಬಬೇಡಿ, ಅದು ಜರ್ಮನ್, ಟರ್ಕಿಶ್, ಹಂಗೇರಿಯನ್ ಮೂರರಲ್ಲೂ ಬರುತ್ತದೆ. ಇಂಗ್ಲಿಷ್ ಪತ್ರಿಕೆಗಳು ಈ ಚಿಹ್ನೆಗಳನ್ನು ಕಿತ್ತು ಹಾಕಿ ಅಚ್ಚು ಮಾಡುವುದೇ ಹೆಚ್ಚು, ಅದಕ್ಕೆ ಅವರ ಸ್ಪೆಲ್ಲಿಂಗ್ ಬಿಟ್ಟು ಆ ದೇಶದವರೇ ಬರೆದುಕೊಳ್ಳುವ ರೂಪವನ್ನು ಹುಡುಕಿ.

ಗೊಂದಲ ಬಿದ್ದರೆ ಹೆಸರು ಹುಟ್ಟಿದ ಭಾಷೆಗೆ ಆದ್ಯತೆ ಕೊಡಿ. 1990ರಿಂದ 2000ದವರೆಗೆ ಪೆರುವಿನ ಅಧ್ಯಕ್ಷರಾಗಿದ್ದ ಫುಜಿಮೋರಿ ಜಪಾನಿನಿಂದ ಬಂದ ತಂದೆ ತಾಯಿಯ ಮಗ. ಪೆರುವಿನ ಜನ ಸ್ಪ್ಯಾನಿಶ್ ಬಾಯಲ್ಲಿ ಫುಹಿಮೋರಿ ಎನ್ನುತ್ತಾರೆ. ಕನ್ನಡದಲ್ಲಿ ಫುಜಿಮೋರಿಯೇ ಇರಲಿ.

ನಂತರ ಕನ್ನಡದ ಅಕ್ಷರ

ಯ ಬರೆಯಬೇಕಾದ ಭಾಷೆಗಳೇ ಯುರೋಪಿನಲ್ಲಿ ಹೆಚ್ಚು: ಜರ್ಮನ್, ಡಚ್, ಸ್ವೀಡಿಶ್, ನಾರ್ವೇಜಿಯನ್, ಡ್ಯಾನಿಶ್, ಫಿನ್ನಿಶ್, ಪೋಲಿಶ್, ಚೆಕ್, ಕ್ರೊಯೇಷಿಯನ್, ಸ್ಲೊವೇನಿಯನ್, ಹಂಗೇರಿಯನ್, ಲಿಥುವೇನಿಯನ್. ಮನೋವಿಜ್ಞಾನದ ಕಾರ್ಲ್ ಯುಂಗ್, ಗ್ರಹಗತಿ ನಿಯಮದ ಯೊಹಾನೆಸ್ ಕೆಪ್ಲರ್, ಅಚ್ಚುಮೊಳೆಯ ಯೊಹಾನೆಸ್ ಗುಟೆನ್‌ಬರ್ಗ್. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಲ್ಲಾದರೂ ಗುಟೆನ್‌ಬರ್ಗನ ಹೆಸರು ಬರೋಬ್ಬರಿ ಇರಬೇಕಲ್ಲ. ಅಲಿಪ್ತ ಚಳವಳಿಯ ಪಾಠದಲ್ಲಿ ಬರುವ ಟಿಟೊ ಅವರ ಪೂರ್ತಿ ಹೆಸರು ಯೋಸಿಪ್ ಬ್ರೋಜ್ ಟಿಟೊ. 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜನ ಹತ್ಯೆ ನಡೆದ ಊರು ಸರಾಯೆವೊ. ಇಟಾಲಿಯನ್ ವರ್ಣಮಾಲೆಯ 21 ಅಕ್ಷರಗಳಲ್ಲಿ ಜೆ ಇಲ್ಲವೇ ಇಲ್ಲ. ಅಪರೂಪಕ್ಕೆ ಬಂದಾಗ ಯ: ಫುಟ್‌ಬಾಲ್ ತಂಡ ಯುವೆಂಟುಸ್.

ಹ ಬರೆಯಬೇಕಾದದ್ದು ಸ್ಪ್ಯಾನಿಶ್ ಒಂದಕ್ಕೇ ಎಂದು ಇಟ್ಟುಕೊಳ್ಳಿ. ಸ್ಪೇನಿನಲ್ಲಿ ಇದು ಒರಟು: ಕ ಹುಟ್ಟುವ ಜಾಗಕ್ಕೆ ನಾಲಿಗೆಯ ಹಿಂಭಾಗ ಒಯ್ದು, ತಾಗಿಸದೆ ಗಾಳಿ ಬಿಡಬೇಕು. ಹುಬ್ಬಳ್ಳಿಯಲ್ಲಿ ಉರ್ದು ಮನೆಮಾತಿನವರು ಖಬರ್ ಎನ್ನುವಾಗ ಬರುವ ಮೊದಲ ದನಿ ಇದಕ್ಕೆ ಹತ್ತಿರ. ಕೆರಿಬಿಯನ್ ಮತ್ತು ಮಧ್ಯ ಅಮೆರಿಕದಲ್ಲಿ ಅದು ಬರೀ ಹ. ಬರಹದಲ್ಲಿ ಎರಡಕ್ಕೂ ಹ ಸಾಕು. ಖ ಬರೆಯಬೇಡಿ, ಕನ್ನಡದ ಓದುಗ ಅದನ್ನು ಖಡ್ಗದ ಖ ಎಂದೇ ಓದುತ್ತಾನೆ. ಜೆ ನಂತರ ಯು ಮತ್ತು ಇನ್ನೊಂದು ಸ್ವರ ಬಂದರೆ ಹ ಅಕ್ಷರಕ್ಕೆ ವ ಒತ್ತು ಬರುತ್ತದೆ: ಹ್ವಾನ್, ಹ್ವಾರೆಸ್. ‘ಜುವಾನ್’ ಎಂಬುದು ಇಂಗ್ಲಿಷ್ ಕಣ್ಣಿನ ಓದು.

ಝ ಫ್ರೆಂಚ್, ಪೋರ್ಚುಗೀಸ್, ರೊಮೇನಿಯನ್, ಕ್ಯಾಟಲನ್ ಹೆಸರುಗಳಿಗೆ. ಅಸಲಿಗೆ ಕನ್ನಡದ ಝ ಅಂದರೆ ಜದ ಮಹಾಪ್ರಾಣ, ಆ ಭಾಷೆಗಳ ದನಿ ಅದಲ್ಲ. ಶ ಎನ್ನುವಾಗಿನಂತೆ ನಾಲಿಗೆ ಇಟ್ಟು ಕೊರಳಿನ ನಾದ ಸೇರಿಸಿದರೆ ಅದು ಬರುತ್ತದೆ, ಇಂಗ್ಲಿಷಿನ ಟೆಲಿವಿಜನ್ ಪದದ ನಡುವೆ ಇರುವ ದನಿ. ಪರೀಕ್ಷೆ ಸುಲಭ: ಉಸಿರು ಇರುವ ತನಕ ಎಳೆಯಲು ಬಂದರೆ ಅದೇ ದನಿ, ಒಂದೇ ಹೊಡೆತಕ್ಕೆ ಮುಗಿದರೆ ಜ. ಅದಕ್ಕೆ ನಮ್ಮಲ್ಲಿ ಬೇರೆ ಅಕ್ಷರ ಇಲ್ಲದ್ದರಿಂದ ಝ ಬಳಸುವ ರೂಢಿ ಬಂದಿದೆ, ಅದು ಒಪ್ಪತಕ್ಕದ್ದೇ. ಫ್ರೆಂಚ್ ದಾರ್ಶನಿಕ ರೂಸೋನ ಹೆಸರು ಝಾನ್ ಝಾಕ್. ಪುಸ್ತಕಗಳಲ್ಲಿ ಕಾಣುವ ‘ಜೀನ್ ಜಾಕ್ವೆಸ್’ನಲ್ಲಿ ಎರಡು ತಪ್ಪು ಕೂಡಿವೆ: ಜೆ ತಪ್ಪಿದ್ದಲ್ಲದೆ ಕೊನೆಯ ‘ಇ-ಎಸ್’ಗೆ ಇಲ್ಲದ ದನಿ ಕೊಟ್ಟಿದೆ.

ಜ ಉಳಿಯುವುದು ಇಂಗ್ಲಿಷ್, ಇಂಡೊನೇಷಿಯನ್, ಮಲಯ್, ಸ್ವಾಹಿಲಿ ಹೆಸರುಗಳಿಗೆ, ಜಪಾನಿ, ಕೊರಿಯನ್, ಚೀನಿಯನ್ನು ರೋಮನ್‌ನಲ್ಲಿ ಬರೆದ ರೂಪಗಳಿಗೆ. ಬೇಜಿಂಗ್ ಎಂಬುದನ್ನು ಟಿವಿಯಲ್ಲಿ ‘ಬೇಝಿಂಗ್’ ಎಂದು ಎಳೆದು ಓದುವ ಚಾಳಿ ಇದೆ. ವಿದೇಶಿ ಎಂದ ಕೂಡಲೇ ಝ ಹಚ್ಚುವ ಉಮೇದಿ ಅದು. ಚೀನಿಯ ಈ ಜೆ ಜ ಮತ್ತು ಚಗಳ ನಡುವಿನದು, ಝ ಅಂತೂ ಅಲ್ಲ. ಇಂಡೊನೇಷಿಯಾದಲ್ಲಿ 1972ರ ಕಾಗುಣಿತ ಬದಲಾವಣೆಗೆ ಮೊದಲು ಡಚ್ ಪದ್ಧತಿ ನಡೆಯುತ್ತಿತ್ತು, ಜೆ ಎಂದರೆ ಯ, ‘ಡಿ-ಜೆ’ ಎಂದರೆ ಜ. ಹಳೆಯ ನಕಾಶೆಯಲ್ಲಿ ಜಕಾರ್ತಾದ ಮೊದಲಿಗೆ ಡಿ ಕಂಡರೆ, ಸುರಬಾಯಾದ ಕೊನೆಗೆ ಜೆ ಕಂಡರೆ ಗಾಬರಿ ಬೇಡ.

ಟರ್ಕಿಯದು ಉಲ್ಟಾ. 1928ರಲ್ಲಿ ಬಂದ ಅವರ ರೋಮನ್ ವರ್ಣಮಾಲೆಯಲ್ಲಿ ಜ ದನಿಗೆ ‘ಸಿ’ ಅಕ್ಷರ. ಅಧ್ಯಕ್ಷ ಎರ್ದೊಆನ್ ಅವರ ಮೊದಲ ಹೆಸರು ರೆಸೆಪ್ ಅಲ್ಲ, ರೆಜೆಪ್. ಅಲ್ಲಿ ಜೆ ಬರುವುದು ಹೊರಗಿನಿಂದ ಬಂದ ಪದಗಳಲ್ಲಿ, ಅದು ಝ.

ಪಕ್ಕದ ಅಕ್ಷರ ನೋಡದೆ ಮುಂದೆ ಹೋಗಬೇಡಿ

ಜೆ ಒಂಟಿಯಾಗಿ ಇಲ್ಲದಾಗ ಮೇಲಿನ ಲೆಕ್ಕ ತಪ್ಪುತ್ತದೆ. ‘ಎಲ್-ಜೆ’ ಜೋಡಿ ನೋಡಿ. ಸ್ಲೊವೇನಿಯಾದ ರಾಜಧಾನಿಯಲ್ಲಿ ಎರಡೂ ಕೇಳಿಸುತ್ತವೆ: ಲ್ಯುಬ್ಲ್ಯಾನಾ. ಸ್ವೀಡಿಶ್‌ನಲ್ಲಿ ಪದದ ಮೊದಲಿಗೆ ಬಂದರೆ ಎಲ್ ಬಾಯಿ ಮುಚ್ಚಿಕೊಳ್ಳುತ್ತದೆ. ಇಂಗ್ಲೆಂಡಿನ ಆರ್ಸೆನಲ್ ಫುಟ್‌ಬಾಲ್ ತಂಡಕ್ಕೆ ಆಡಿದ ಫ್ರೆಡ್ಡಿಯ ಅಡ್ಡಹೆಸರು ಸ್ವೀಡನ್ನಿನಲ್ಲಿ ಯುಂಗ್‌ಬೆರಿ (ಕೊನೆಯ ಜಿ ಕೂಡ ಅಲ್ಲಿ ಯಗೆ ಹತ್ತಿರ). ಡಿ, ಜಿ, ಎಚ್ ಅಕ್ಷರಗಳು ಜೆ ಮುಂದೆ ಬಂದಾಗಲೂ ಸ್ವೀಡಿಶ್‌ನಲ್ಲಿ ಇದೇ ನಿಯಮ. ‘ಎಸ್-ಜೆ’, ‘ಎಸ್-ಕೆ-ಜೆ’ ಬಂದರೆ ಶ ಬರೆಯಿರಿ, ಹಮ್ಮರ್‌ಶೋಲ್ಡ್ ಆದದ್ದು ಹೀಗೆ.

ಸರ್ಬಿಯಾದ ಟೆನಿಸ್ ಆಟಗಾರನ ಹೆಸರಿನ ‘ಡಿ-ಜೆ’ ಬೇರೆ ಕತೆ. ಅವರ ಲಿಪಿಯಲ್ಲಿ ಅದು ಗೀಟು ಎಳೆದ ಒಂದೇ ಅಕ್ಷರ, ಆ ಅಕ್ಷರ ಸಿಗದವರು ಡಿ-ಜೆ ಎಂದು ಬರೆಯುತ್ತಾರೆ. ದನಿ ಜ, ಆದ್ದರಿಂದ ಜೊಕೊವಿಚ್. ಡಚ್ಚಿನ ‘ಐ-ಜೆ’ ಕೂಡಿ ಸ್ವರವಾಗುತ್ತದೆ: ಫುಟ್‌ಬಾಲ್ ಆಟಗಾರ ವಾನ್ ಡೈಕ್, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ.

ರೂಢಿಯ ರೂಪ ಮುಟ್ಟಬೇಡಿ

ಜಪಾನ್, ರಿಯೊ ಡಿ ಜನೈರೊ, ಜೊಹಾನ್ಸ್‌ಬರ್ಗ್ ಇವೆಲ್ಲ ಕನ್ನಡದಲ್ಲಿ ನೆಲೆ ನಿಂತ ರೂಪ. ಪೋರ್ಚುಗೀಸ್‌ಗೆ ಸರಿಯಾಗಲಿ ಎಂದು ‘ಝನೇಯ್ರು’ ಮಾಡಿದರೆ ಓದುಗನಿಗೆ ಊರೇ ಸಿಗುವುದಿಲ್ಲ. ಜೋಡಿ ರೂಪಗಳೂ ಇವೆ. ಕನ್ನಡ ಬೈಬಲಿನಲ್ಲಿ ಯೇಸು, ಯೋಹಾನ, ಯೆರೂಸಲೇಮ್, ಏಕೆಂದರೆ ಅವು ಗ್ರೀಕ್, ಹೀಬ್ರೂ ದನಿಯ ಕಡೆಯವು. ಶಾಲೆಯ ಭೂಪಟದಲ್ಲಿ ಜೆರುಸಲೇಮ್, ಅದು ಇಂಗ್ಲಿಷ್ ಮೂಲಕ ಬಂದದ್ದು. ಧಾರವಾಡದ ಚರ್ಚಿನ ಆಮಂತ್ರಣ ಪತ್ರಿಕೆಗೆ ಮೊದಲಿನದು, ಅಂತರರಾಷ್ಟ್ರೀಯ ಸುದ್ದಿಗೆ ಎರಡನೆಯದು. ಬದುಕಿರುವ ವ್ಯಕ್ತಿಯಾದರೆ ಎಲ್ಲ ನಿಯಮಕ್ಕಿಂತ ಅವರು ತಮ್ಮನ್ನು ಕರೆದುಕೊಳ್ಳುವ ರೀತಿ ಮೇಲು. ಕಾರ್ಯಕ್ರಮಕ್ಕೆ ಬರುವವರಿಗೆ ಫೋನ್ ಮಾಡಿ ಕೇಳಿದರೆ ಮುಗಿಯಿತು.

ಇಂಗ್ಲಿಷ್ ನಿಘಂಟು ನೋಡುವ ವಿದ್ಯಾರ್ಥಿಗಳಿಗೆ ಒಂದು ಮಾತು. ಪದದ ಮುಂದೆ ಓರೆಗೀಟುಗಳ ನಡುವೆ ಕೊಡುವ ಉಚ್ಚಾರ ಚಿಹ್ನೆಯಲ್ಲಿ ಜೆ ಎಂದರೆ ಸಾಮಾನ್ಯವಾಗಿ ಯ. ಯೆಸ್, ಮ್ಯೂಸಿಕ್ ಎರಡರ ಉಚ್ಚಾರದಲ್ಲೂ ಅದು ಕಾಣುತ್ತದೆ. ಜ ದನಿಗೆ ಅಲ್ಲಿ ಬೇರೆ ಜೋಡಿ ಚಿಹ್ನೆ ಇದೆ, ಡಿ ಪಕ್ಕದಲ್ಲಿ ಬಾಲದ 3ರಂಥದ್ದು.

ಅಚ್ಚಿಗೆ ಕೊಡುವ ಮುಂಚೆ

ಕೆಲಸ ಶುರು ಮಾಡುವಾಗಲೇ ಹೆಸರಿನ ಹಾಳೆ ಒಂದು ಮಾಡಿ: ರೋಮನ್ ರೂಪ, ಭಾಷೆ, ಕನ್ನಡ ರೂಪ, ಮೊದಲು ಬಂದ ಪುಟ. ಒಂದೇ ಪುಸ್ತಕದಲ್ಲಿ ಒಂದು ಕಡೆ ಜುಂಗ್, ಇನ್ನೊಂದು ಕಡೆ ಯುಂಗ್ ಬಂದರೆ ಓದುಗ ಇಬ್ಬರು ಎಂದುಕೊಳ್ಳುತ್ತಾನೆ. ಅಧ್ಯಾಯಗಳನ್ನು ಬೇರೆ ಬೇರೆಯವರು ಟೈಪ್ ಮಾಡಿದಾಗ ಇದು ತಪ್ಪಿದ್ದಲ್ಲ.

‘ರಿಪ್ಲೇಸ್ ಆಲ್’ ಒತ್ತಬೇಡಿ. ಜೋಸ್ ಎಂಬುದನ್ನೆಲ್ಲ ಹೊಸೆ ಮಾಡಿದರೆ ಕ್ರೀಡಾಪುಟದ ಜೋಸ್ ಬಟ್ಲರ್ ಹೊಸೆ ಬಟ್ಲರ್ ಆಗಿಬಿಡುತ್ತಾನೆ. ಒಂದೊಂದೇ ನೋಡಿ ಬದಲಿಸಿ.

ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಜ ಮತ್ತು ಝ ಒಂದೇ ಕೀಲಿ, ಶಿಫ್ಟ್ ಒತ್ತಿದರೆ ಝ. ಬೆರಳು ಸ್ವಲ್ಪ ತಡವಾದರೆ ಝಾಕ್ ಜಾಕ್ ಆಗುತ್ತದೆ, ಅದು ಕಾಗುಣಿತ ದೋಷದಂತೆ ಕಾಣದ್ದರಿಂದ ಪ್ರೂಫಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಸಣ್ಣ ಅಕ್ಷರದಲ್ಲಿ ಯ, ಝ ಕೂಡ ಕಣ್ಣಿಗೆ ಬೇಗ ಬೇರೆ ಆಗುವುದಿಲ್ಲ. ಹೆಸರುಗಳ ಪುಟವನ್ನಷ್ಟೇ ದೊಡ್ಡದು ಮಾಡಿ ನೋಡಿ.

ರ್ ನಂತರ ಹ, ಗ ಬಂದಾಗ ಅರ್ಕಾವತ್ತು ತಾನಾಗಿ ಬೀಳುತ್ತದೆ. ಅರ್ಜೆಂಟೀನಾದ ಲೇಖಕನ ಹೆಸರನ್ನು ‘ಹೋರ್ಹೆ ಬೋರ್ಹೆಸ್’ ಎಂದು ಅರ್ಕಾವತ್ತಿನಲ್ಲಿ ಬರೆದರೆ, ಮೊದಲ ಸಲ ಓದುವವರು ತಡವರಿಸುತ್ತಾರೆ. ರ್ ನಂತರ ಯೂನಿಕೋಡ್‌ನ ಜೀರೋ ವಿಡ್ತ್ ನಾನ್ ಜಾಯ್ನರ್ ಹಾಕಿ ‘ಹೋರ್‌ಹೆ ಬೋರ್‌ಹೆಸ್’ ಎಂದು ಬಿಡಿಸಿ. ಈ ಕಾಣದ ಅಕ್ಷರ ಹಳೆಯ ಫಾಂಟಿಗೆ ಪರಿವರ್ತಿಸುವಾಗ ಕಳೆದುಹೋಗಬಹುದು, ಪರಿವರ್ತನೆ ಆದ ಮೇಲೆ ಇನ್ನೊಮ್ಮೆ ನೋಡಿ.

ಪದಸೂಚಿ ಇರುವ ಪುಸ್ತಕವಾದರೆ ಎರಡು ಕಡೆ ನಮೂದು ಕೊಡಿ. ಯುಂಗ್‌ನನ್ನು ಯ ಕೆಳಗೆ ಪುಟಸಂಖ್ಯೆ ಸಮೇತ ಹಾಕಿ, ಜ ಕೆಳಗೆ ‘ಜುಂಗ್: ಯುಂಗ್ ನೋಡಿ’ ಎಂದು ಒಂದು ಸಾಲು ಬರೆಯಿರಿ. ಹಳೆಯ ರೂಪದಲ್ಲೇ ಹುಡುಕುವವರು ಇನ್ನೂ ಬಹಳ ಜನ ಇದ್ದಾರೆ.